ಅಪ್ಪನ ಪೆಟ್ಟಿಗೆ

ಹಳೆಯ ಸ್ಪೀಕರಿನಲ್ಲಿ ಮಂದ್ರನಾದ ಕುಗ್ಗಿತೆ? ದೊಡ್ಡ ವೂಫರ್ ಹಾಕಿಸಿರೆಂಬ ಸಲಹೆ ಅಂಗಡಿಗಳಲ್ಲಿ ಸಿದ್ಧವಾಗಿರುತ್ತದೆ. ನಾನಂತೂ ಒಪ್ಪಲಾರೆ.

೧೯೫೪ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ತೋರಿದ ಉಪಾಯದಂತೆ, ಮುಚ್ಚಿದ ಪೆಟ್ಟಿಗೆಯೊಳಗೆ ಸೆರೆಸಿಕ್ಕ ಗಾಳಿಯೇ ಸ್ಪ್ರಿಂಗಾಗಿ ವೂಫರಿನ ಕಾಗದದ ಶಂಕುವನ್ನು ಸ್ವಸ್ಥಾನಕ್ಕೆ ತರುತ್ತದೆ. ಆದಕಾರಣ ಶಂಕುವಿನ ಕಟ್ಟು ಸಡಿಲವಾಗಿಯೇ ಇರಬೇಕು. ಬಿಗಿಯಾದುದನ್ನು ಕೂರಿಸಿದರೆ, ಅದೆಷ್ಟೇ ಬೆಲೆಯದಾಗಿರಲಿ, ಮಂದ್ರವು ಇನ್ನಷ್ಟು ಸೊರಗುತ್ತದೆ.

ತೀರಿಕೊಂಡ ನಮ್ಮ ತಂದೆಯವರ ಜೋಡಿ ಸ್ಪೀಕರುಗಳೂ ಇದೇ ಜಾತಿಯವು. ಬಿಚ್ಚಿಸಿ ನೋಡಿದರೆ ಅಂಚಿನ ಫೋಮಿನ ಬಳೆಗಳು ಮಾತ್ರ ಪುಡಿಯಾಗಿದ್ದವು. ಶಂಕು, ಸುರುಳಿ, ಅಯಸ್ಕಾಂತಗಳು ನೆಟ್ಟಗಿದ್ದವು. ಅದೇ ಅಳತೆಯ, ಅಷ್ಟೇ ಮೆದುವಾದ ಬಳೆಗಳನ್ನು ಅಂಟಿಸಿ, ಒಂದು ದಿನ ಒಣಗಬಿಟ್ಟು, ತಟ್ಟೆ ಹಚ್ಚಿದೆವು. ಮೃದಂಗದ ಎಡಮುಖ ಗುಮ್ಮೆಂದಿತು. ಅಡಿಗೆಮನೆಯಿಂದ ತಾಯಿ ಸೌಟು ಹಿಡಿದೇ ಬಂದು ನಿಂತರು.

"ಯಾಕೋ, ಅವರು ಇಲ್ಲೇ ಕೂತ ಹಾಗಿದೆ" ಎಂದರು.