ನಾಲ್ಕುಂಗುರದ ಚಿಟ್ಟೆ

ಹುಲ್ಲಿಗೆ ತಾಗಿದಂತೆ ಹಾರುವ ಪುಟ್ಟ ಕಂದು ಚಿಟ್ಟೆಗಳೆಲ್ಲ ಒಂದೇ ಥರ ಕಾಣುತ್ತವೆ, ಅಲ್ವಾ? ಮುಂಬೈ ಬ್ಯಾಂಕಿನಲ್ಲಿ 28 ವರ್ಷ ಸಹಿ ತಾಳೆ ನೋಡಿದ ನನ್ನ ಕಣ್ಣಿಗೂ ಅಷ್ಟೇ. ಬೊರಿವಲಿಯ ನ್ಯಾಷನಲ್ ಪಾರ್ಕಿಗೆ ಹೋದಾಗ ಅವು ರೆಕ್ಕೆ ಮಡಚುವವರೆಗೆ ಕಾಯುತ್ತೇನೆ. ಹಿಂರೆಕ್ಕೆಯ ಅಡಿಬದಿಯಲ್ಲಿ ಮೂರು ಉಂಗುರವಿದ್ದರೆ ಕಾಮನ್ ಥ್ರೀರಿಂಗ್. ಮೇಲ್ತುದಿಯಲ್ಲಿ ಒಂದು, ಕೆಳಗೆ ಸಾಲಾಗಿ ಮೂರು ಇದ್ದರೆ ಕಾಮನ್ ಫೋರ್‌ರಿಂಗ್. (ಮುಂರೆಕ್ಕೆಯ ದೊಡ್ಡ ಕಣ್ಣು ಎರಡರಲ್ಲೂ ಇರುತ್ತೆ, ಅದನ್ನು ಲೆಕ್ಕಕ್ಕೆ ಹಿಡೀಬೇಡಿ.)

ತೊಡಕು ಶುರುವಾಗೋದು ಮಳೆಗಾಲ ಮುಗಿದ ಮೇಲೆ. ಒಣಹವೆಯ ಪೀಳಿಗೆಯಲ್ಲಿ ಉಂಗುರಗಳು ಬರೀ ಚುಕ್ಕಿಗಳಾಗಿಬಿಡುತ್ತವೆ. ಆಗ ಗಾತ್ರ ಬಿಟ್ಟು ಚುಕ್ಕಿಗಳ ಜಾಗ ನೋಡಬೇಕು.

ಮೊನ್ನೆ ನಮ್ಮ ಹೊಸ ಹುಡುಗ ಪೆನ್ಷನ್ ಅಜ್ಜಿಯೊಬ್ಬರ ವಿತ್‌ಡ್ರಾವಲ್ ಸ್ಲಿಪ್ ವಾಪಸು ಮಾಡಲು ಹೊರಟಿದ್ದ. ನಡುಗುವ ಗೆರೆ, ಕುಗ್ಗಿದ ಅಕ್ಷರ. ತರಿಸಿಕೊಂಡು ನೋಡಿದೆ. ತಿರುವುಗಳೆಲ್ಲ ಹಳೇ ಜಾಗದಲ್ಲೇ ಇದ್ದವು. ಪಾಸ್ ಮಾಡಿದೆ.