ಚೆಂಡಿನ ವಾಟ್ನಿ

ಅಣ್ಣತಮ್ಮಂದಿರು ಬೇರೆಯಾದ ಮನೆತನದಲ್ಲಿ ಎರಡೂ ಕಡೆ ಉಂಡು ಬರುವ ನೆಂಟನೊಬ್ಬ ಇದ್ದೇ ಇರುತ್ತಾನೆ. ಹಿರಿಯವನ ಮನೆಯಲ್ಲಿ ಹೋಳಿಗೆ, ಕಿರಿಯವನ ಮನೆಯಲ್ಲಿ ಚಹಾ. ಅಲ್ಲಿಯ ಮಾತನ್ನು ಇಲ್ಲಿ ಆಡುವುದಿಲ್ಲ, ಇಲ್ಲಿಯದನ್ನು ಅಲ್ಲಿ ಆಡುವುದಿಲ್ಲ. ಫುಟ್‌ಬಾಲ್ ಎಂಬ ಮನೆತನಕ್ಕೆ ನಾನು ಅಂಥ ನೆಂಟ. ಕಾಲಿನಲ್ಲೇ ಆಡುವ ಫುಟ್‌ಬಾಲ್ ನೋಡುತ್ತೇನೆ, ಚೆಂಡನ್ನು ಬಗಲಲ್ಲಿ ಇಟ್ಟುಕೊಂಡು ಓಡುವ ರಗ್ಬಿಯನ್ನೂ ನೋಡುತ್ತೇನೆ. ರಗ್ಬಿಯ ಮನೆಯಲ್ಲಿ ಮತ್ತೆ ಎರಡು ಒಲೆ: ಹದಿನೈದು ಜನರದೊಂದು, ಹದಿಮೂರು ಜನರದೊಂದು. ಎರಡೂ ಒಲೆಯ ಅಡುಗೆ ನನಗೆ ಸೇರುತ್ತದೆ. ಅಮೆರಿಕದವರದು ಮಾತ್ರ ಒಗ್ಗಲಿಲ್ಲ. ನಾಲ್ಕು ಸೆಕೆಂಡು ಆಟ, ನಲವತ್ತು ಸೆಕೆಂಡು ಸಭೆ.

ಗೋಕಾಕದಲ್ಲಿ ಹುಟ್ಟಿ, ಮೂಡಲಗಿಯ ಸೋದರಮಾವನ ಮನೆಯಲ್ಲಿ ರಜೆ ಕಳೆದು, ಹುಕ್ಕೇರಿಯಲ್ಲಿ ನೌಕರಿ ಮುಗಿಸಿದವನಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದು ಕೇಳುವವರಿದ್ದಾರೆ. ಟೆಸ್ಟು, ಒಂದು ದಿನದ್ದು, ಇಪ್ಪತ್ತು ಓವರಿನದು ಎಂದು ಮೂರು ಬಗೆಯ ಕ್ರಿಕೆಟ್ ನೋಡುವವರಿಗೆ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಆಟಕ್ಕಿಂತ ಮೊದಲು ನನ್ನನ್ನು ಹಿಡಿದದ್ದು ಈ ಮನೆತನದ ಜಗಳ. ನಮ್ಮ ಕಡೆ ಆಸ್ತಿ ಪಾಲಾಗುವುದಕ್ಕೆ ವಾಟ್ನಿ ಅನ್ನುತ್ತಾರೆ. ಫುಟ್‌ಬಾಲಿನ ಮೊದಲ ವಾಟ್ನಿಗೆ ಹಿರಿಯರು ಕೂತದ್ದು 1863ರ ಅಕ್ಟೋಬರ್ 26ರಂದು, ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನಿನಲ್ಲಿ. ಅಲ್ಲಿಯವರೆಗೆ ಒಂದೊಂದು ಶಾಲೆ, ಒಂದೊಂದು ಕ್ಲಬ್ಬಿನದು ಒಂದೊಂದು ನಿಯಮ. ಎಲ್ಲರಿಗೂ ಒಂದೇ ನಿಯಮ ಬರೆಯೋಣವೆಂದು ಸೇರಿದರು. ಡಿಸೆಂಬರ್ ಹೊತ್ತಿಗೆ ಎರಡು ಮಾತಿಗೆ ಬಂದು ನಿಂತಿತು. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದೇ? ಹಾಗೆ ಓಡುವವನ ಮುಂಗಾಲಿಗೆ ಬೂಟಿನಿಂದ ಒದೆಯಬಹುದೇ? ಬ್ಲ್ಯಾಕ್‌ಹೀತ್ ಕ್ಲಬ್ಬಿನ ಕ್ಯಾಂಪ್‌ಬೆಲ್ ಎರಡೂ ಬೇಕು ಎಂದ. ಒದೆತ ತೆಗೆದುಹಾಕಿದರೆ ಆಟದ ಗಂಡಸುತನವೇ ಹೋಯಿತು, ಒಂದು ವಾರ ತಾಲೀಮು ಮಾಡಿದ ಫ್ರೆಂಚರನ್ನು ಕರೆತಂದು ನಿಮ್ಮನ್ನು ಸೋಲಿಸಿ ತೋರಿಸುತ್ತೇನೆ ಎಂದು ಹಂಗಿಸಿದ. ಮಾತು ನಡೆಯಲಿಲ್ಲ, ಎದ್ದು ಹೋದ. ಇದರಲ್ಲಿ ನನಗೆ ಬಹಳ ಸೇರಿದ ಸಂಗತಿ ಮುಂದಿದೆ. ಹಾಗೆ ಹೊರಗೆ ಬಂದವರ ಕಡೆಯವರು 1871ರಲ್ಲಿ ರಗ್ಬಿ ಯೂನಿಯನ್ ಕಟ್ಟಿ ತಮ್ಮದೇ ನಿಯಮ ಬರೆದಾಗ ಆ ಒದೆತವನ್ನು ತಾವೇ ತೆಗೆದುಹಾಕಿದರು. ಯಾವುದಕ್ಕಾಗಿ ಮನೆ ಒಡೆಯಿತೋ ಅದು ಎಂಟು ವರ್ಷಕ್ಕೆ ಇಬ್ಬರಿಗೂ ಬೇಡವಾಯಿತು. ಮನೆ ಮಾತ್ರ ಒಂದಾಗಲಿಲ್ಲ. ತಹಶೀಲ್ದಾರ ಕಚೇರಿಯ ಕಟ್ಟೆಯ ಮೇಲೆ ಕೂತ ಯಾವ ಮುದುಕನಿಗೆ ಈ ಕತೆ ಹೇಳಿದರೂ ಮುಂದಿನದನ್ನು ಅವನೇ ಊಹಿಸುತ್ತಾನೆ.

ಎರಡನೆಯ ವಾಟ್ನಿ ನನಗೆ ಮೊದಲನೆಯದಕ್ಕಿಂತ ಹತ್ತಿರದ್ದು, ಯಾಕೆಂದರೆ ಅದು ಮಿಲ್ಲಿನ ಜನರ ಕತೆ. ನಮ್ಮಪ್ಪ ಗೋಕಾಕ ಫಾಲ್ಸಿನ ಮಿಲ್ಲಿನಲ್ಲಿ ಸ್ಪಿನ್ನಿಂಗ್ ಖಾತೆಯವರು. ಘಟಪ್ರಭೆ ಐವತ್ತು ಮೀಟರಿಗೂ ಹೆಚ್ಚು ಕೆಳಕ್ಕೆ ಧುಮುಕುವ ಜಾಗ ಅದು. ಆ ನೀರಿನ ಬಲ ನಂಬಿ 1880ರ ದಶಕದಲ್ಲಿ ಎದ್ದ ಮಿಲ್ಲು. ಮಳೆಗಾಲದಲ್ಲಿ ಧಬಧಬೆಯ ಸದ್ದು, ಉಳಿದ ಕಾಲದಲ್ಲಿ ಭೋಂಗಾದ ಸದ್ದು. ಊರಿನ ಹೊತ್ತು ನಡೆಯುತ್ತಿದ್ದುದು ಭೋಂಗಾದ ಮೇಲೆ. ನಮ್ಮ ಮನೆಯ ಹಿಂದಿನ ಬಯಲಿನಲ್ಲಿ ಪಾಳಿ ಬಿಟ್ಟು ಬಂದವರು ಚೆಂಡು ಒದೆಯುತ್ತಿದ್ದರು. ಭೋಂಗಾ ಆದರೆ ಆಟ ಮುಗಿಯಿತು, ಗೋಲು ಬಾಗಿಲಲ್ಲಿದ್ದರೂ ಸರಿ. ಅಪ್ಪನಿಗೆ ಮ್ಯಾಚಿನ ದಿನ ಪಾಳಿ ಬಂದರೆ ಜೊತೆಗಾರನ ಕೂಡ ಬದಲಿ ಮಾಡಿಕೊಳ್ಳುತ್ತಿದ್ದರು. ಹಾಗೆ ಸಾಲ ತಂದ ಹಗಲುಗಳನ್ನು ರಾತ್ರಿಪಾಳಿ ಮಾಡಿ ತೀರಿಸಬೇಕಿತ್ತು. ಅವ್ವನಿಗೆ ಅಪ್ಪನ ಬೀಡಿಯ ಮೇಲೆ ಇರದಿದ್ದ ಸಿಟ್ಟು ಈ ಚೆಂಡಿನ ಮೇಲಿತ್ತು.

ಇಂಗ್ಲೆಂಡಿನ ಉತ್ತರದ ಯಾರ್ಕ್‌ಶೈರ್, ಲ್ಯಾಂಕಾಶೈರ್ ಸೀಮೆಯಲ್ಲಿ ರಗ್ಬಿ ಆಡುತ್ತಿದ್ದವರೂ ಇಂಥವರೇ. ಗಿರಣಿಯವರು, ಕಲ್ಲಿದ್ದಲ ಗಣಿಯವರು. ಶನಿವಾರ ಆಡಲು ಹೋದರೆ ಆ ಹೊತ್ತಿನ ಕೂಲಿ ಹೋಯಿತು. ಅಷ್ಟನ್ನಾದರೂ ತುಂಬಿಕೊಡಲು ಬಿಡಿ ಎಂದು ಅವರ ಕ್ಲಬ್ಬುಗಳು ಕೇಳಿದವು. ದಕ್ಷಿಣದ ದೊಡ್ಡ ಮನುಷ್ಯರು ಒಪ್ಪಲಿಲ್ಲ. ಆಟಕ್ಕೆ ಹಣ ಮುಟ್ಟಿಸಬಾರದು ಎಂಬುದು ಅವರ ಧರ್ಮ. ಶನಿವಾರದ ಕೂಲಿ ಇಲ್ಲದೆಯೂ ಅವರ ಮನೆಯಲ್ಲಿ ಒಲೆ ಹೊತ್ತುತ್ತಿತ್ತು. 1895ರ ಆಗಸ್ಟ್ 29ರಂದು ಉಣ್ಣೆ ಗಿರಣಿಗಳ ಊರಾದ ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸೇರಿ ಬೇರೆಯಾದವು. ಕೂಲಿ ಕಳೆದುಕೊಂಡ ಆಟಗಾರನಿಗೆ ದಿನಕ್ಕೆ 6 ಶಿಲಿಂಗ್ ಎಂದು ಗೊತ್ತುಮಾಡಿದವು. ಅದೇ ಮುಂದೆ ರಗ್ಬಿ ಲೀಗ್ ಆಯಿತು, 1906ರಲ್ಲಿ ತಂಡ ಹದಿಮೂರಕ್ಕೆ ಇಳಿಯಿತು. ಹಿರಿಯ ಮನೆ ತನ್ನ ಮಡಿ ಬಿಟ್ಟು ಆಟಗಾರರಿಗೆ ಸಂಬಳ ಕೊಡಲು ಒಪ್ಪಿದ್ದು 1995ರ ಆಗಸ್ಟಿನಲ್ಲಿ. ಸರಿಯಾಗಿ ನೂರು ವರ್ಷ. ನಮ್ಮ ಕೋರ್ಟುಗಳಿಗೆ ವಿಳಂಬದ ಹೆಸರು ಸುಮ್ಮನೆ ಬಂದಿದೆ.

ಆ 1995ರಲ್ಲೇ ನನ್ನ ಮಾವ ರಗ್ಬಿ ನೋಡಿದ್ದು. ಮೂಡಲಗಿ ಆಗ ಇನ್ನೂ ಗೋಕಾಕ ತಾಲೂಕಿನ ಊರು. ಮಾವ ಅಲ್ಲಿಯ ಸುತ್ತಿನ ಜಾತ್ರೆಗಳಲ್ಲಿ ಕಬಡ್ಡಿ ಆಡಿ ಹೆಸರು ಮಾಡಿದವರು. ಕಾಲು ಹಿಡಿದರೆಂದರೆ ಬಿಡಿಸಿಕೊಂಡವರಿಲ್ಲ ಎಂಬ ಮಾತಿತ್ತು. ಕಣ್ಣು ತೋರಿಸಲು ನಮ್ಮ ಹುಕ್ಕೇರಿಯ ಮನೆಗೆ ಬಂದು ಉಳಿದಿದ್ದರು. ಮನೆಗೆ ಕೇಬಲ್ ಹೊಸದಾಗಿ ಬಂದಿತ್ತು. ವಿಶ್ವಕಪ್ಪಿನ ಸೆಮಿಫೈನಲ್, ಕೇಪ್‌ಟೌನಿನಲ್ಲಿ, ನ್ಯೂಜಿಲೆಂಡ್ ಮತ್ತು ಇಂಗ್ಲೆಂಡ್. ನ್ಯೂಜಿಲೆಂಡಿನ ಕಡೆ ಜೋನಾ ಲೋಮು ಎಂಬ ಇಪ್ಪತ್ತರ ಹುಡುಗ. ಆರಡಿ ಐದಂಗುಲ ಎತ್ತರ, ನೂರಾ ಹದಿನೈದು ಕೆಜಿ ದಾಟಿದ ಮೈ, ಓಟ ಮಾತ್ರ ನೂರು ಮೀಟರಿನವನದು. ಮೊದಲ ಹತ್ತು ನಿಮಿಷದೊಳಗೇ ಇಂಗ್ಲೆಂಡಿನ ಕೊನೆಯ ಕಾವಲುಗಾರ ಮೈಕ್ ಕ್ಯಾಟ್‌ನನ್ನು ಮೆಟ್ಟಿಕೊಂಡೇ ಗೆರೆ ದಾಟಿದ. ಆ ದಿನ ನಾಲ್ಕು ಸಲ ದಾಟಿದ, ಅಂದರೆ ನಾಲ್ಕು ಟ್ರೈ.

ಮಾವ ಚಹಾ ಕುಡಿಯುವುದು ಬಿಟ್ಟರು.

"ಯಾವ ಊರ ಪೈಲವಾನನೋ ಇಂವ?"

"ಪೈಲವಾನ ಅಲ್ರೀ ಮಾವಾ, ಚೆಂಡಾಟದವ."

"ಚೆಂಡ ಸುಡು. ಇವನ್ನ ಹಿಡ್ಯಾಕ ಬಂದವ್ರು ಎದಿಗೆ ಯಾಕ ಹೊಂಟಾರ? ಅಷ್ಟ ದೊಡ್ಡ ಮೈ ಎದ್ಯಾಗ ಸಿಗತೈತೇನು? ಕಾಲಿಗೆ ಬೀಳಬೇಕೋ ಅಳಿಯಾ, ಹರಡ ಹಿಡೀಬೇಕು. ಒಬ್ಬ ಹರಡ ಹಿಡದ್ರ ಉಳದವ್ರು ಮ್ಯಾಲ ಬೀಳೂದು."

ಇಂಗ್ಲೆಂಡಿನ ಹನ್ನೊಂದನೆಯ ನಂಬರಿನವನಿಗೆ, ಹದಿನಾಲ್ಕನೆಯ ನಂಬರಿನವನಿಗೆ, ಎಲ್ಲರಿಗೂ ಹೆಸರು ಗೊತ್ತಿಲ್ಲದೆಯೇ ಬೈಯುತ್ತ ಕೂತರು. ನಾನು ರಗ್ಬಿಯ ನಿಯಮ ತಿಳಿಸಲು ಹೋದೆ. ಚೆಂಡನ್ನು ಮುಂದಕ್ಕೆ ಎಸೆಯಬಾರದು, ಹಿಂದಿದ್ದವನಿಗೇ ಕೊಡಬೇಕು ಎಂದೆ. "ನನಗ್ಯಾಕ ಅದು" ಅಂದರು. ಅವರ ಕಣ್ಣಿಗೆ ಅಲ್ಲಿ ನಡೆದಿದ್ದುದು ಪೂರ್ತಿ ಕಬಡ್ಡಿ: ಒಬ್ಬ ಒಳಗೆ ನುಗ್ಗುತ್ತಾನೆ, ಇಷ್ಟು ಜನ ಅವನನ್ನು ಉರುಳಿಸಬೇಕು, ಅವನು ಹೇಗಾದರೂ ಗೆರೆ ಮುಟ್ಟಬೇಕು. ಉಸಿರು ಬಿಡಬಹುದು ಎಂಬುದೊಂದೇ ಫರಕು.

ವಾರಕ್ಕೆ ಫೈನಲ್. ಜೂನ್ 24, ಜೋಹಾನ್ಸ್‌ಬರ್ಗಿನ ಎಲ್ಲಿಸ್ ಪಾರ್ಕು. ದಕ್ಷಿಣ ಆಫ್ರಿಕಾದವರು ಲೋಮುವನ್ನು ಎದೆಗೆ ಎದುರಿಸಲಿಲ್ಲ. ಅವನಿಗಿಂತ ಸಣ್ಣ ಮೈಯ ವಾನ್ ಡೆರ್ ವೆಸ್ಟ್‌ಹಾಯ್ಜನ್ ಕಾಲಿಗೇ ಬಿದ್ದು ಉರುಳಿಸಿದ. ಒಬ್ಬ ತಪ್ಪಿದರೆ ಇನ್ನೊಬ್ಬ ಸಿದ್ಧ. ಲೋಮುಗೆ ಒಂದು ಟ್ರೈ ಕೂಡ ದಕ್ಕಲಿಲ್ಲ, ಹೆಚ್ಚುವರಿ ಸಮಯದಲ್ಲಿ 15-12ರಿಂದ ದಕ್ಷಿಣ ಆಫ್ರಿಕಾ ಗೆದ್ದಿತು. ತನ್ನ ಇಡೀ ಆಯುಷ್ಯದಲ್ಲಿ ಆ ದೇಶದ ಎದುರು ಅವನು ಒಂದೂ ಟ್ರೈ ಹೊಡೆಯಲಿಲ್ಲ. ಮೂಡಲಗಿಗೆ ಹೋದಾಗ ಮಾವನಿಗೆ ಸುದ್ದಿ ಮುಟ್ಟಿಸಿದೆ. ಖುಷಿಪಟ್ಟಾರು ಅಂದುಕೊಂಡರೆ ಹುಬ್ಬು ಗಂಟಿಕ್ಕಿದರು. "ಅವ್ರಿಗೆ ಯಾರ ಹೇಳಿದ್ರು?"

ಕಬಡ್ಡಿಯೂ ಒಂದೇ ಒಲೆಯ ಮನೆಯಲ್ಲ. ಔಟಾದವನು ಎದುರಾಳಿ ಔಟಾದಾಗ ಮತ್ತೆ ಜೀವ ಪಡೆದು ಬರುವುದು ಸಂಜೀವಿನಿ. ಔಟಾದವನು ಇಡೀ ತಂಡ ಮುಗಿಯುವ ತನಕ ಹೊರಗೇ ಕೂರುವುದು ಗಾಮಿನಿ. ಔಟಾದರೂ ಹೊರಗೆ ಹೋಗದೆ ಬರೀ ಅಂಕ ಬಿಟ್ಟುಕೊಟ್ಟು ಆಡುತ್ತಲೇ ಇರುವುದು ಅಮರ. ಇಂದು ಟೀವಿಯಲ್ಲಿ ಬರುವುದು ಸಂಜೀವಿನಿಯ ವಂಶ. ಮಾವ ಗಾಮಿನಿಯ ಕಡೆಯವರು. ಸತ್ತವನು ಎದ್ದು ಬರುವ ಆಟಕ್ಕೆ ಏನು ಬೆಲೆ ಎಂಬುದು ಅವರ ವಾದ.

ರಗ್ಬಿ ನಮ್ಮ ದೇಶಕ್ಕೆ ಸಂಬಂಧವಿಲ್ಲದ್ದು ಎನ್ನುವವರಿಗೆ ನಾನು ಒಂದು ಬೆಳ್ಳಿಯ ಕಪ್ಪಿನ ಕತೆ ಹೇಳುತ್ತೇನೆ. 1872ರ ಕ್ರಿಸ್ಮಸ್ ದಿನ ಕಲ್ಕತ್ತೆಯಲ್ಲಿ ಬ್ರಿಟಿಷರು ರಗ್ಬಿ ಆಡಿ, ಮರುವರ್ಷವೇ ಕ್ಲಬ್ಬು ಕಟ್ಟಿದರು. ಕ್ಲಬ್ಬಿನಲ್ಲಿ ಪುಕ್ಕಟೆ ಕುಡಿತವಿತ್ತು, ಸದಸ್ಯರಿಗೂ ಕೊರತೆ ಇರಲಿಲ್ಲ. ಪುಕ್ಕಟೆ ನಿಂತಿತು, ಸದಸ್ಯರೂ ನಿಂತರು. ಬಾಗಿಲು ಹಾಕುವಾಗ ಬ್ಯಾಂಕಿನಲ್ಲಿ ಉಳಿದಿದ್ದ 270 ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮೂರು ನಾಗರಹಾವಿನ ಹಿಡಿಕೆ, ಮುಚ್ಚಳದ ಮೇಲೆ ಆನೆ ಇರುವ ಕಪ್ಪು ಮಾಡಿಸಿ ಲಂಡನ್ನಿಗೆ ಕಳಿಸಿದರು. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಅದಕ್ಕಾಗಿಯೇ ಕಾದಾಡುತ್ತವೆ. ಕ್ಯಾಲ್ಕಟ್ಟಾ ಕಪ್ ಎಂದೇ ಹೆಸರು. ನಮ್ಮ ರೂಪಾಯಿ, ನಮ್ಮ ಹಾವು, ನಮ್ಮ ಆನೆ. ಎಷ್ಟೋ ವಾಟ್ನಿಗಳಲ್ಲಿ ಬಂಗಾರ ಯಾರದೋ, ಜಗಳ ಯಾರದೋ.

ಹುಕ್ಕೇರಿಗೆ ಬಂದ ಮೇಲೆ ನನ್ನ ಕಾಲಿನ ಫುಟ್‌ಬಾಲು ಕೊಲ್ಹಾಪುರದ ಕಡೆ ತಿರುಗಿತು. ಸಂಕೇಶ್ವರಕ್ಕೆ ಹೋಗಿ ಹೆದ್ದಾರಿಯ ಬಸ್ಸು ಹಿಡಿದರೆ ಮಧ್ಯಾಹ್ನದ ಆಟಕ್ಕೆ ಶಾಹು ಸ್ಟೇಡಿಯಮ್ಮಿನಲ್ಲಿ ಇರಬಹುದು. ಅಲ್ಲಿಯ ತಂಡಗಳ ಹೆಸರು ಕೇಳಿದವರಿಗೆ ಫುಟ್‌ಬಾಲ್ ಎಂದು ಹೊಳೆಯುವುದೇ ಇಲ್ಲ: ಪಾಟಾಕಡೀಲ ತಾಲೀಮ ಮಂಡಳ, ದಿಲ್‌ಬಹಾರ ತಾಲೀಮ ಮಂಡಳ, ಖಂಡೋಬಾ ತಾಲೀಮ ಮಂಡಳ, ಬಾಲಗೋಪಾಲ ತಾಲೀಮ ಮಂಡಳ. ಎಲ್ಲವೂ ಗರಡಿಮನೆಗಳು. ಶಾಹು ಮಹಾರಾಜರು ಯುರೋಪು ನೋಡಿ ಬಂದು ಖಾಸಬಾಗದಲ್ಲಿ ಕುಸ್ತಿಯ ಮೈದಾನ ಕಟ್ಟಿಸಿದ ಊರು ಅದು. ಪೇಟೆಗೊಂದು ತಾಲೀಮು, ತಾಲೀಮಿಗೊಂದು ಮಣ್ಣಿನ ಹೌದಾ. ಆ ತಾಲೀಮುಗಳೇ ಕಾಲಕ್ರಮದಲ್ಲಿ ಚೆಂಡನ್ನೂ ಹಿಡಿದವು. ನನಗೆ ತಿಳಿದಂತೆ ಕುಸ್ತಿಯ ಮನೆಯಲ್ಲಿ ಫುಟ್‌ಬಾಲ್ ಇಷ್ಟು ಸಲೀಸಾಗಿ ಬಾಡಿಗೆಗೆ ಕೂತದ್ದು ಬೇರೆ ಕಡೆ ಕಡಿಮೆ. ವಿಶ್ವಕಪ್ ಬಂತೆಂದರೆ ಆ ಗಲ್ಲಿಗಳು ಬ್ರೆಜಿಲ್ ಮತ್ತು ಅರ್ಜೆಂಟೀನಾ ಎಂದು ಸೀಳಿಹೋಗುತ್ತವೆ. ಭಾರತದಲ್ಲಿ ನಡೆದ 2017ರ ಹದಿನೇಳರೊಳಗಿನ ವಿಶ್ವಕಪ್ಪಿನಲ್ಲಿ ನಮ್ಮ ತಂಡದಲ್ಲಿದ್ದ ಅನಿಕೇತ್ ಜಾಧವ್ ಅದೇ ಊರಿನ ಹುಡುಗ.

ಸ್ಟೇಡಿಯಮ್ಮಿನ ಮೆಟ್ಟಿಲ ಮೇಲೆ ಕೂತಾಗ 1952ರ ಹೆಲ್ಸಿಂಕಿ ಒಲಿಂಪಿಕ್ಸಿನ ಮಾತು ಯಾರಾದರೂ ತೆಗೆದೇ ತೆಗೆಯುತ್ತಾರೆ, ಕುಸ್ತಿಯ ಖಾಶಾಬಾ ಜಾಧವರ ಸಲುವಾಗಿ. ಮಣ್ಣಿನಲ್ಲಿ ಬೆಳೆದ ಅವರು 1948ರಲ್ಲಿ ಲಂಡನ್ನಿನ ಮ್ಯಾಟಿನ ಮೇಲೆ ಆರನೆಯವರಾದರು. ಮುಂದಿನ ಒಲಿಂಪಿಕ್ಸಿಗೆ ಕಳಿಸಲು ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲ ಖರ್ಡೇಕರರು ತಮ್ಮ ಮನೆಯನ್ನೇ 7,000 ರೂಪಾಯಿಗೆ ಅಡವಿಟ್ಟರು. ಕಂಚು ಬಂತು, ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಪದಕ. ಅದೇ ಹೆಲ್ಸಿಂಕಿಯಲ್ಲಿ ಬಹುತೇಕ ಬರಿಗಾಲಿನ ನಮ್ಮ ಫುಟ್‌ಬಾಲ್ ತಂಡ ಯುಗೊಸ್ಲಾವಿಯಾ ಎದುರು 10-1ರಿಂದ ಸೋತಿತು; ಆ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನರದು. ಆಮೇಲೆ ಬೂಟು ಕಡ್ಡಾಯವಾಯಿತು. ಮಣ್ಣಿನವನು ಮ್ಯಾಟಿಗೆ ಕಾಲು ಒಗ್ಗಿಸಿಕೊಂಡ, ಬರಿಗಾಲಿನವರು ಬೂಟಿಗೆ ಒಗ್ಗಿಸಿಕೊಳ್ಳಬೇಕಾಯಿತು. ಒಂದೇ ಊರಿನಲ್ಲಿ, ಒಂದೇ ಬೇಸಿಗೆಯಲ್ಲಿ ಎರಡೂ ನಡೆದವು. ಮೆಟ್ಟಿಲ ಮೇಲಿನ ಮರಾಠಿ ಮುದುಕರು ಮೊದಲನೆಯದನ್ನು ಹೇಳುತ್ತಾರೆ, ಎರಡನೆಯದನ್ನು ನಾನು ಹೇಳುತ್ತೇನೆ.

ನಿಪ್ಪಾಣಿ ದಾಟಿದ ಮೇಲೆ ಹುಡುಗರ ಕಾಲಿನಲ್ಲಿ ಚೆಂಡು ಹೆಚ್ಚು, ಈಚೆ ಬಂದರೆ ಬ್ಯಾಟು ಹೆಚ್ಚು ಎಂಬುದು ಬಸ್ಸಿನ ಕಿಟಕಿಯಿಂದ ನಾನು ಮಾಡಿಕೊಂಡ ಲೆಕ್ಕ. ರಾಜ್ಯಗಳ ಗಡಿಗೆ ಬೇಕಾದ ಮಹಾಜನ ಆಯೋಗ ಈ ಗಡಿಗೆ ಬೇಕಾಗಲಿಲ್ಲ. ಇಂಥ ಗೆರೆ ಆಸ್ಟ್ರೇಲಿಯಾದಲ್ಲಿ ಹೆಸರಿಟ್ಟುಕೊಂಡೇ ಇದೆ ಎಂದು ತಿಳಿಸಿದವನು ಮೆಲ್ಬರ್ನಿನಲ್ಲಿರುವ ನನ್ನ ಅಕ್ಕನ ಮಗ. ಇತಿಹಾಸಕಾರ ಇಯಾನ್ ಟರ್ನರ್ 1978ರಲ್ಲಿ ಅದಕ್ಕೆ ಬರಾಸಿ ಗೆರೆ ಎಂದು ಹೆಸರಿಟ್ಟರು. ಅದರ ಒಂದು ಮಗ್ಗುಲಿಗೆ ಸಿಡ್ನಿ, ರಗ್ಬಿಯವರು. ಇನ್ನೊಂದು ಮಗ್ಗುಲಿಗೆ ಮೆಲ್ಬರ್ನು, ತಮ್ಮದೇ ಫುಟ್‌ಬಾಲಿನವರು. ರಾನ್ ಬರಾಸಿ ಎಂಬ ಆಟಗಾರನ ಸ್ಮಾರಕ ಉಪನ್ಯಾಸ ಎಂದು ಕರೆದು ಟರ್ನರ್ ಆ ಮಾತು ಹೇಳಿದಾಗ ಬರಾಸಿ ಗಟ್ಟಿಮುಟ್ಟಾಗಿ ಬದುಕಿದ್ದರು, ಮುಂದೆ 2023ರವರೆಗೂ ಇದ್ದರು.

ಮೆಲ್ಬರ್ನಿನವರ ಆಟದ ನಿಯಮ ಬರೆದದ್ದು 1859ರಲ್ಲಿ, ಲಂಡನ್ನಿನವರಿಗಿಂತ ಮೊದಲು. ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡವಾಗಬಾರದೆಂದು ಟಾಮ್ ವಿಲ್ಸ್ ಎಂಬ ಕ್ರಿಕೆಟಿಗ ಎಬ್ಬಿಸಿದ ಆಟ, ಆದ್ದರಿಂದ ಇಂದಿಗೂ ಕ್ರಿಕೆಟ್ ಮೈದಾನದಲ್ಲೇ ನಡೆಯುತ್ತದೆ. ಒಂದು ಕಡೆಗೆ ಹದಿನೆಂಟು ಜನ, ನಾಲ್ಕು ಕಂಬ. ನಡುವಿನ ಎರಡರ ಮಧ್ಯೆ ಒದ್ದರೆ ಆರು ಅಂಕ. ಗುರಿ ತಪ್ಪಿ ಪಕ್ಕದ ಕಂಬದೊಳಗೆ ಹೋದರೆ ಒಂದು.

ಸೆಪ್ಟೆಂಬರಿನ ಕೊನೆಯ ಶನಿವಾರ ಅವರ ಫೈನಲ್, ನಮ್ಮಲ್ಲಿ ಬೆಳಿಗ್ಗೆ ಹತ್ತರ ಸುಮಾರು. ಒಂದು ವರ್ಷ ಮಾವನ ಎದುರು ಫೋನು ಹಿಡಿದು ತೋರಿಸಿದೆ. ಅವರಿಗೆ ಎಂಬತ್ತು ದಾಟಿತ್ತು, ಕಿವಿ ಮಂದ, ಕಣ್ಣು ಇನ್ನೂ ಚೂಪು. ಬಹಳ ಹೊತ್ತು ಸುಮ್ಮನಿದ್ದು ಕೇಳಿದರು:

"ತಪ್ಪಿ ಹೋತಲ್ಲೋ. ಮತ್ತ ಯಾಕ ಒಂದ ಕೊಟ್ರು?"

"ಸನೇಕ ಹೋಗಿತ್ತಲ್ರೀ, ಅದಕ್ಕ."

"ಸನೇಕ ಹೋದ್ರೂ ಕೊಡ್ತಾರ?"

"ಕೊಡ್ತಾರ್ರೀ."

ಫೋನನ್ನು ನನ್ನ ಕೈಗೆ ಕೊಟ್ಟು, ಬೆರಳು ಮಡಿಸತೊಡಗಿದರು. ಯಾದವಾಡದ ಒಂದು ಪಂದ್ಯವಂತೆ, ಅವರ ಪ್ರಾಯದ ಕಾಲದ್ದು, ಎರಡು ಅಂಕಕ್ಕೆ ಹೋದದ್ದು. ಮುಟ್ಟಿಯೂ ಮುಟ್ಟದ ಹಾಗೆ ಬಂದದ್ದು ಇಷ್ಟು, ಗೆರೆಗೆ ಬೆರಳಷ್ಟು ಕಡಿಮೆ ಬಿದ್ದದ್ದು ಇಷ್ಟು ಎಂದು ಒಂದೊಂದನ್ನೂ ಹೆಸರು ಹಿಡಿದು ಎಣಿಸಿದರು. ಅತ್ತೆ ಊಟಕ್ಕೆ ಕರೆದರೂ ಏಳಲಿಲ್ಲ. ಕಡೆಗೆ ಮೆಲ್ಬರ್ನಿನ ಲೆಕ್ಕದಂತೆ ಮೂರು ಅಂಕದಿಂದ ತಾವೇ ಗೆದ್ದರು, ಆಮೇಲೆ ಕೈ ತೊಳೆಯಲು ಎದ್ದರು.