ಆಲ್ಟರ್ನೇಟರಿನ ಬೆನ್ನು

ಬೇಲೂರಿನ ಬೆಳಗು. ಪ್ರವಾಸಿಗರು ಚೆನ್ನಕೇಶವನ ಗೋಪುರದ ಕಡೆ ನಡೆಯುತ್ತಿದ್ದರೆ, ರಸ್ತೆ ಬದಿಯ ಆಟೋ ಎಲೆಕ್ಟ್ರಿಕಲ್ ಅಂಗಡಿ ಮುಂದೆ ಹಳೆಯ ಡೀಸೆಲ್ ಕಾರೊಂದು ಬಾನೆಟ್ ತೆರೆದು ನಿಂತಿದೆ. ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪ ಆರುತ್ತಿಲ್ಲ. ಮೀಟರ್ ಇಟ್ಟರೆ ಎಂಜಿನ್ ಓಡುವಾಗಲೂ 12 ವೋಲ್ಟ್. ಇರಬೇಕಾದ್ದು ಹೆಚ್ಚುಕಡಿಮೆ 14.

ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೈಕೊಟ್ಟಿರಬೇಕು. ಬದಲಿಗೆ ಹೊಸದೋ, ರೀಕಂಡಿಷನ್ನೋ, ಗುಜರಿಯದೋ? ಮಾಲೀಕರು ಕೇಳುವುದು ರೇಟು ಮಾತ್ರ.

ಮೆಕ್ಯಾನಿಕ್ ನೋಡುವುದೇ ಬೇರೆ. ಎಷ್ಟು ಆಂಪಿಯರ್, ಬೋಲ್ಟ್ ತೂತು ಹೊಂದುತ್ತದೆಯೇ, ಪುಲ್ಲಿ ವಿ-ಬೆಲ್ಟಿನದೋ ಗೀರುಗೀರಿನ ಚಪ್ಪಟೆ ಬೆಲ್ಟಿನದೋ. ಆಮೇಲೆ ತಿರುಗಿಸಿ ಬೆನ್ನು ನೋಡುತ್ತಾರೆ. ಹಳೆಯ ಎಷ್ಟೋ ಡೀಸೆಲ್ ಕಾರುಗಳಲ್ಲಿ ಬ್ರೇಕನ್ನು ಹಗುರ ಮಾಡುವ ವ್ಯಾಕ್ಯೂಮ್ ಪಂಪ್ ಇರುವುದು ಅಲ್ಲೇ, ಆಲ್ಟರ್ನೇಟರಿನ ಹಿಂದೆ. ಪೆಟ್ರೋಲ್ ಎಂಜಿನ್ ಗಾಳಿ ಎಳೆಯುವ ರಭಸದಲ್ಲೇ ಆ ಕೆಲಸ ಆಗಿಬಿಡುತ್ತದೆ; ಡೀಸೆಲ್‌ಗೆ ಪಂಪೇ ಬೇಕು. ಅಗ್ಗಕ್ಕೆ ಸಿಕ್ಕಿತೆಂದು ಪಂಪಿಲ್ಲದ್ದನ್ನು ಕೂರಿಸಿದರೆ ಬ್ಯಾಟರಿ ಚೆನ್ನಾಗಿ ಚಾರ್ಜ್ ಆಗುತ್ತದೆ, ಬ್ರೇಕ್ ಪೆಡಲ್ ಮಾತ್ರ ಕಲ್ಲು! ಚಾರ್ಮಾಡಿ ಘಾಟಿ ಇಳಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಲ್ಟರ್ನೇಟರಿಗೂ ಮುಂಚಿನ ಡೈನಮೋ ಕಾಲದ ಅಂಬಾಸಡರ್ ನೆನಪಿದೆಯೇ? ನಿಂತಲ್ಲಿ ಎಂಜಿನ್ ಗುರುಗುಟ್ಟಿದರೆ ಚಾರ್ಜೇ ಆಗುತ್ತಿರಲಿಲ್ಲ. ಆಲ್ಟರ್ನೇಟರ್ ಹಾಕಿಸಿದವರು ನಿಂತಲ್ಲೇ ಹೆಡ್‌ಲೈಟ್ ಉರಿಸಿ ತೋರಿಸುತ್ತಿದ್ದರು.

ಅಂದಹಾಗೆ ಎಲ್ಲದಕ್ಕೂ ಹೊಸದೇ ಬೇಕೆಂದಿಲ್ಲ. ಬೆಲ್ಟ್ ಸಡಿಲವಾಗಿದ್ದರೂ ಬ್ಯಾಟರಿ ದೀಪ ಆರುವುದಿಲ್ಲ. ಕಾರ್ಬನ್ ಬ್ರಷ್, ಬೇರಿಂಗ್, ರೆಗ್ಯುಲೇಟರ್ ಬದಲಿಸಿದರೆ ಹಳೆಯದೇ ಮತ್ತೆ ಓಡೀತು. ಬೇಲೂರು, ಹಳೇಬೀಡು, ಅರಸೀಕೆರೆ ಕಡೆಯ ಗೆಳೆಯರೇ, ಹಾಗೆ ಬಿಚ್ಚಿ ರಿಪೇರಿ ಮಾಡಿಕೊಡುವವರು ನಿಮ್ಮೂರಲ್ಲಿ ಇನ್ನೂ ಇದ್ದಾರಾ, ಇಲ್ಲ ಹಾಸನಕ್ಕೇ ಓಡಬೇಕಾ?